ಹರಿತ ಹೆಚ್ಚಿದಷ್ಟೂ ಪೆಟ್ಟು ಕಡಿಮೆಯೆ? – ಮೈನ್‌ಕ್ರಾಫ್ಟ್ ಕತ್ತಿಯ ಲೆಕ್ಕಾಚಾರ

ನಿಮ್ಮ ಬಳಿ ಒಂದು ಕತ್ತಿ ಇದೆ ಎಂದುಕೊಳ್ಳಿ. ಎದುರಾಳಿಯನ್ನು ಕೆಡವಲು ಅದರಿಂದ ಮೂರು ಪೆಟ್ಟು ಬೇಕು. ಅಲಗನ್ನು ಒಂದು ಸಲ ಹರಿತ ಮಾಡಿದಿರಿ. ಆಗಲೂ ಮೂರೇ ಪೆಟ್ಟು ಬೇಕಾದವು. ಎರಡನೆಯ, ಮೂರನೆಯ, ನಾಲ್ಕನೆಯ ಸಲ ಹರಿತ ಮಾಡಿದಿರಿ. ಆಗಲೂ ಮೂರೇ. ಐದನೆಯ ಸಲ ಮಾತ್ರ ಇದ್ದಕ್ಕಿದ್ದಂತೆ ಎರಡೇ ಪೆಟ್ಟು ಸಾಕಾಯಿತು. ಹಾಗಾದರೆ ಮೊದಲಿನ ನಾಲ್ಕು ಸಲದ ಶ್ರಮ ಎಲ್ಲಿ ಹೋಯಿತು?

ಇದು ಒಗಟಲ್ಲ. ಕೋಟ್ಯಂತರ ಮಕ್ಕಳು ಆಡುತ್ತಿರುವ ಮೈನ್‌ಕ್ರಾಫ್ಟ್ ಎಂಬ ಕಂಪ್ಯೂಟರ್ ಆಟದಲ್ಲಿ ದಿನವೂ ನಡೆಯುವ ಸಂಗತಿ. ಆಯುಧವನ್ನು ಬಲಪಡಿಸಲು ಈ ಆಟ ಹಲವು ದಾರಿಗಳನ್ನು ಕೊಡುತ್ತದೆ. ಆಡುವವರ ನಡುವೆ ಪ್ರಚಲಿತವಾಗಿರುವ ಸಲಹೆ ಮಾತ್ರ ಒಂದೇ: ದೊಡ್ಡ ಸಂಖ್ಯೆ ಇರುವುದನ್ನು ಆರಿಸು. ಈ ಸಲಹೆ ಎಷ್ಟು ಸರಿ? ಆಟವೇ ತನ್ನ ಸಂಖ್ಯೆಗಳನ್ನು ಆಟಗಾರನ ಮುಂದೆ ಹೇಗೆ ಇಡುತ್ತದೆ? ಈ ಎರಡು ಪ್ರಶ್ನೆಗಳನ್ನು ಇಲ್ಲಿ ಪರಿಶೀಲಿಸೋಣ. ಆಟವನ್ನು ಎಂದೂ ಆಡದ ಶಿಕ್ಷಕರೂ ಇದನ್ನು ಓದಬಹುದು. ಬೇಕಾಗುವುದು ಭಾಗಾಕಾರ ಮಾತ್ರ.

ಯಾವುದು ಈ ಆಟ?

ಮೈನ್‌ಕ್ರಾಫ್ಟ್ ಸ್ವೀಡನ್ನಿನ ಮೊಯಾಂಗ್ ಸಂಸ್ಥೆಯದು. ಮಾರ್ಕಸ್ ಪೆರ್ಸನ್ ಇದರ ಮೊದಲ ರೂಪವನ್ನು 2009ರಲ್ಲಿ ಹೊರತಂದರು. ಪೂರ್ಣ ಆವೃತ್ತಿ ಬಂದದ್ದು 2011ರ ನವೆಂಬರ್ 18ರಂದು. 2014ರಲ್ಲಿ ಮೈಕ್ರೋಸಾಫ್ಟ್ ಆ ಸಂಸ್ಥೆಯನ್ನು 250 ಕೋಟಿ ಡಾಲರಿಗೆ ಕೊಂಡಿತು. 2023ರ ಅಕ್ಟೋಬರ್ ಹೊತ್ತಿಗೆ ಆಟದ 30 ಕೋಟಿಗೂ ಹೆಚ್ಚು ಪ್ರತಿಗಳು ಮಾರಾಟವಾಗಿದ್ದವು.

ಇಂಥ ಆಟಗಳಿಗೆ ಸ್ಯಾಂಡ್‌ಬಾಕ್ಸ್ ಆಟಗಳೆಂದು ಹೆಸರು. ಮರಳ ಗುಡ್ಡೆಯಲ್ಲಿ ಮಕ್ಕಳು ಮನಬಂದಂತೆ ಕಟ್ಟಿ ಕೆಡವುವ ಹಾಗೆ, ಇಲ್ಲಿ ಘನಾಕೃತಿಯ ಕಲ್ಲು, ಮಣ್ಣು, ಮರಗಳನ್ನು ಅಗೆದು ಬೇಕಾದ್ದನ್ನು ಕಟ್ಟಬಹುದು. ಗೆಲ್ಲಲೇಬೇಕಾದ ಗುರಿ ಇಲ್ಲ. ಆದರೆ ‘ಸರ್ವೈವಲ್’ ಎಂಬ ಬಗೆಯಲ್ಲಿ ಆಡಿದರೆ ಹಸಿವು ಇದೆ, ಕತ್ತಲೆ ಇದೆ, ಕತ್ತಲಲ್ಲಿ ಹುಟ್ಟಿಕೊಳ್ಳುವ ಜಾಂಬಿ, ಅಸ್ಥಿಪಂಜರ, ಜೇಡ, ಕ್ರೀಪರ್‌ಗಳಿವೆ. ಅವುಗಳಿಂದ ಉಳಿದುಕೊಳ್ಳಲು ಆಯುಧ ಬೇಕು.

ಇಲ್ಲಿನ ಪ್ರತಿ ಜೀವಿಗೂ ನಿಗದಿತ ‘ಜೀವಾಂಕ’ ಇದೆ. ಆಟಗಾರನಿಗೆ 20, ತೆರೆಯ ಮೇಲೆ ಅದು ಹತ್ತು ಹೃದಯಗಳಾಗಿ ಕಾಣುತ್ತದೆ. ಜಾಂಬಿ, ಅಸ್ಥಿಪಂಜರ, ಕ್ರೀಪರ್‌ಗಳಿಗೂ 20. ಜೇಡಕ್ಕೆ 16. ನೀಳಕಾಯದ ಎಂಡರ್‌ಮನ್‌ಗೆ 40. ಹಳ್ಳಿ ಕಾಯುವ ಐರನ್ ಗೋಲೆಮ್‌ಗೆ 100. ಪ್ರತಿ ಆಯುಧಕ್ಕೂ ಅದು ಒಂದು ಪೆಟ್ಟಿಗೆ ಕಳೆಯುವ ‘ಹಾನಿ’ ಗೊತ್ತುಪಡಿಸಿದೆ. ಕಬ್ಬಿಣದ ಕತ್ತಿಗೆ 6, ವಜ್ರದ ಕತ್ತಿಗೆ 7, 2020ರ ಜೂನ್‌ನಲ್ಲಿ ಸೇರಿದ ನೆದರೈಟ್ ಎಂಬ ಲೋಹದ ಕತ್ತಿಗೆ 8. ಇವು ಕಂಪ್ಯೂಟರಿನಲ್ಲಿ ಆಡುವ ಜಾವಾ ಆವೃತ್ತಿಯ ಸಂಖ್ಯೆಗಳು. ಬೇರೆ ಆವೃತ್ತಿಯೆಂದು ಹೇಳದ ಕಡೆಯಲ್ಲೆಲ್ಲ ಇದೇ ಆವೃತ್ತಿಯೆಂದು ತಿಳಿಯಿರಿ.

ಮೂರು ಮಂತ್ರಗಳು

ಕತ್ತಿಗೆ ಮಂತ್ರ ಹಾಕಿ ಹಾನಿಯನ್ನು ಹೆಚ್ಚಿಸಬಹುದು. ಇದಕ್ಕೆ ಮುಖ್ಯವಾಗಿ ಮೂರು ಮಂತ್ರಗಳಿವೆ. ಒಂದು ಕತ್ತಿಗೆ ಇವುಗಳಲ್ಲಿ ಒಂದನ್ನು ಮಾತ್ರ ಹಾಕಬಹುದು. ಪ್ರತಿಯೊಂದಕ್ಕೂ ಐದು ಮಟ್ಟಗಳು.

ಮೊದಲನೆಯದು ಶಾರ್ಪ್‌ನೆಸ್, ಅಂದರೆ ಹರಿತ. ಇದು ಎಲ್ಲ ಎದುರಾಳಿಗಳ ಮೇಲೂ ಕೆಲಸ ಮಾಡುತ್ತದೆ. 1ನೆಯ ಮಟ್ಟ ಹಾನಿಗೆ 1 ಅಂಕ ಸೇರಿಸುತ್ತದೆ. ಆಮೇಲಿನ ಪ್ರತಿ ಮಟ್ಟಕ್ಕೆ ಅರ್ಧ ಅಂಕ. ಹೀಗೆ 5ನೆಯ ಮಟ್ಟಕ್ಕೆ ಒಟ್ಟು 3.

ಎರಡನೆಯದು ಸ್ಮೈಟ್. ಇದು ಸತ್ತೂ ನಡೆದಾಡುವ ಜೀವಿಗಳ ಮೇಲೆ, ಎಂದರೆ ಜಾಂಬಿ, ಅಸ್ಥಿಪಂಜರ ಮುಂತಾದವುಗಳ ಮೇಲೆ ಮಾತ್ರ ಪರಿಣಾಮಕಾರಿ. ಪ್ರತಿ ಮಟ್ಟಕ್ಕೆ 2.5, 5ನೆಯ ಮಟ್ಟಕ್ಕೆ 12.5.

ಮೂರನೆಯದು ಬೇನ್ ಆಫ್ ಆರ್ತ್ರೊಪಾಡ್ಸ್. ಹೆಸರೇ ಹೇಳುವಂತೆ ಇದು ಸಂಧಿಪದಿಗಳ ಶತ್ರು. ಇದಕ್ಕೂ ಪ್ರತಿ ಮಟ್ಟಕ್ಕೆ 2.5. ಆಟ ಈ ಪಟ್ಟಿಯಲ್ಲಿ ಜೇಡವನ್ನೂ ಜೇನ್ನೊಣವನ್ನೂ ಒಟ್ಟಿಗೆ ಸೇರಿಸಿದೆ. ಜೇಡ ಕೀಟವಲ್ಲವಲ್ಲ ಎಂದು ನೀವು ಕೇಳಬಹುದು. ಹೌದು, ಅದು ಕೀಟವಲ್ಲ. ಆದರೆ ಕೀಟಗಳೂ ಜೇಡಗಳೂ ಸಂಧಿಪದಿ ವಂಶಕ್ಕೇ ಸೇರಿದವು. ಈ ವರ್ಗೀಕರಣದಲ್ಲಿ ಆಟ ತಪ್ಪಿಲ್ಲ.

ಮೆಟ್ಟಿಲಿನ ಗಣಿತ

ಈಗ ಮೊದಲ ಪ್ರಶ್ನೆಗೆ ಬರೋಣ. ಕ್ರೀಪರ್‌ನ ಜೀವಾಂಕ 20, ವಜ್ರದ ಕತ್ತಿಯ ಹಾನಿ 7. 20ನ್ನು 7ರಿಂದ ಭಾಗಿಸಿದರೆ ಸುಮಾರು 2.86. ಆದರೆ 2.86 ಪೆಟ್ಟು ಹೊಡೆಯಲು ಬರುವುದಿಲ್ಲ. ಪೆಟ್ಟುಗಳ ಸಂಖ್ಯೆ ಪೂರ್ಣಾಂಕವೇ ಆಗಬೇಕು. ಆದ್ದರಿಂದ ಭಾಗಲಬ್ಧದಲ್ಲಿ ದಶಮಾಂಶ ಉಳಿದರೆ ಮುಂದಿನ ಪೂರ್ಣಾಂಕಕ್ಕೆ ಏರಿಸಬೇಕು. ಉತ್ತರ 3.

ವಜ್ರದ ಕತ್ತಿಗೆ ಶಾರ್ಪ್‌ನೆಸ್ ಮಂತ್ರವನ್ನು ಮಟ್ಟ ಮಟ್ಟವಾಗಿ ಹಾಕುತ್ತಾ ಹೋದರೆ ಬೇಕಾಗುವ ಪೆಟ್ಟುಗಳು ಹೀಗಿವೆ:

ಮಂತ್ರವಿಲ್ಲ, ಹಾನಿ 7: ಜೇಡ 3, ಕ್ರೀಪರ್ 3, ಎಂಡರ್‌ಮನ್ 6, ಗೋಲೆಮ್ 15
1ನೆಯ ಮಟ್ಟ, ಹಾನಿ 8: ಜೇಡ 2, ಕ್ರೀಪರ್ 3, ಎಂಡರ್‌ಮನ್ 5, ಗೋಲೆಮ್ 13
2ನೆಯ ಮಟ್ಟ, ಹಾನಿ 8.5: ಜೇಡ 2, ಕ್ರೀಪರ್ 3, ಎಂಡರ್‌ಮನ್ 5, ಗೋಲೆಮ್ 12
3ನೆಯ ಮಟ್ಟ, ಹಾನಿ 9: ಜೇಡ 2, ಕ್ರೀಪರ್ 3, ಎಂಡರ್‌ಮನ್ 5, ಗೋಲೆಮ್ 12
4ನೆಯ ಮಟ್ಟ, ಹಾನಿ 9.5: ಜೇಡ 2, ಕ್ರೀಪರ್ 3, ಎಂಡರ್‌ಮನ್ 5, ಗೋಲೆಮ್ 11
5ನೆಯ ಮಟ್ಟ, ಹಾನಿ 10: ಜೇಡ 2, ಕ್ರೀಪರ್ 2, ಎಂಡರ್‌ಮನ್ 4, ಗೋಲೆಮ್ 10

ಈ ಕೋಷ್ಟಕವನ್ನು ಮೇಲಿನಿಂದ ಕೆಳಕ್ಕೆ ಓದಿ. ಜೇಡದ ವಿಷಯದಲ್ಲಿ ಮೊದಲ ಮಟ್ಟವೊಂದೇ ಫಲ ಕೊಟ್ಟಿತು. ಉಳಿದ ನಾಲ್ಕೂ ವ್ಯರ್ಥ. ಕ್ರೀಪರ್ ವಿಷಯದಲ್ಲಿ ಇದಕ್ಕೆ ತದ್ವಿರುದ್ಧ: ಕೊನೆಯ ಮಟ್ಟವೊಂದೇ ಫಲ ಕೊಟ್ಟಿತು. ಎಂಡರ್‌ಮನ್‌ಗೆ ಮೊದಲನೆಯದೂ ಕೊನೆಯದೂ ಉಪಯುಕ್ತ, ನಡುವಿನವು ಅಲ್ಲ. ಗೋಲೆಮ್‌ಗೆ ಮಾತ್ರ ಹೆಚ್ಚುಕಡಿಮೆ ಪ್ರತಿ ಮಟ್ಟದಲ್ಲೂ ಲಾಭ ಕಾಣುತ್ತದೆ.

ಹಾನಿಯನ್ನು ಅಡ್ಡ ಅಕ್ಷದಲ್ಲೂ ಪೆಟ್ಟುಗಳನ್ನು ಲಂಬ ಅಕ್ಷದಲ್ಲೂ ಗುರುತಿಸಿ ನಕ್ಷೆ ಬರೆದರೆ ಇಳಿಜಾರಿನ ಗೆರೆ ಬರುವುದಿಲ್ಲ, ಮೆಟ್ಟಿಲುಗಳು ಬರುತ್ತವೆ. ಮೆಟ್ಟಿಲಿನ ಸಮತಟ್ಟಾದ ಭಾಗದಲ್ಲಿ ನೀವು ಎಷ್ಟು ನಡೆದರೂ ಕೆಳಗಿಳಿಯುವುದಿಲ್ಲ. ಅಂಚು ದಾಟಿದಾಗ ಮಾತ್ರ ಇಳಿಯುತ್ತೀರಿ. ಜೀವಾಂಕ ದೊಡ್ಡದಾದಷ್ಟೂ ಮೆಟ್ಟಿಲುಗಳು ಕಿರಿದಾಗಿ, ಒತ್ತೊತ್ತಾಗಿ, ನುಣುಪಾದ ವಕ್ರರೇಖೆಯಂತೆ ಕಾಣತೊಡಗುತ್ತವೆ. ಗೋಲೆಮ್ ವಿಷಯದಲ್ಲಿ ಆದದ್ದು ಇದೇ.

ಇದು ಆಟಕ್ಕೆ ಮಾತ್ರ ಸೇರಿದ ಗಣಿತವಲ್ಲ. ನೂರು ವಿದ್ಯಾರ್ಥಿಗಳನ್ನು ಪ್ರವಾಸಕ್ಕೆ ಕರೆದೊಯ್ಯಬೇಕು. 40 ಆಸನದ ಬಸ್ಸಾದರೆ ಮೂರು ಬೇಕು. 45ರದ್ದಾದರೂ ಮೂರು, 49ರದ್ದಾದರೂ ಮೂರು. 50ರದ್ದಾದರೆ ಎರಡು. 49ಕ್ಕೂ 50ಕ್ಕೂ ಇರುವ ಒಂದು ಆಸನದ ವ್ಯತ್ಯಾಸ, 40ಕ್ಕೂ 49ಕ್ಕೂ ಇರುವ ಒಂಬತ್ತು ಆಸನಗಳ ವ್ಯತ್ಯಾಸಕ್ಕಿಂತ ಹೆಚ್ಚು ಬೆಲೆಯುಳ್ಳದ್ದು!

‘ಅತ್ಯುತ್ತಮ’ ಎನಿಸಿಕೊಂಡ ಸ್ಮೈಟ್

ಅಸ್ಥಿಪಂಜರಗಳ ವಿರುದ್ಧ ಸ್ಮೈಟ್ 5ನೆಯ ಮಟ್ಟವೇ ಅತ್ಯುತ್ತಮ ಎಂಬ ಮಾತನ್ನು ಆಡುವವರು ಒಪ್ಪಿಕೊಂಡುಬಿಟ್ಟಿದ್ದಾರೆ. ಲೆಕ್ಕ ಹಾಕಿ ನೋಡೋಣ. ವಜ್ರದ ಕತ್ತಿಗೆ ಸ್ಮೈಟ್ 2ನೆಯ ಮಟ್ಟ ಹಾಕಿದರೆ ಹಾನಿ 12. ಎರಡು ಪೆಟ್ಟು ಸಾಕು. 3ನೆಯ ಮಟ್ಟದಲ್ಲಿ 14.5, 4ನೆಯದರಲ್ಲಿ 17, 5ನೆಯದರಲ್ಲಿ 19.5. ಎಲ್ಲಕ್ಕೂ ಎರಡೇ ಪೆಟ್ಟು. ಕೊನೆಯ ಮಟ್ಟ 20ರ ಅಂಚಿಗೆ ಅರ್ಧ ಅಂಕದಷ್ಟು ಹತ್ತಿರ ಬಂದು ನಿಂತುಬಿಡುತ್ತದೆ. ಇದೇ ಮಂತ್ರವನ್ನು ನೆದರೈಟ್ ಕತ್ತಿಗೆ ಹಾಕಿದರೆ ಹಾನಿ 20.5, ಒಂದೇ ಪೆಟ್ಟು. ನೆದರೈಟ್ ತಂದ ಒಂದೇ ಒಂದು ಅಂಕ ಇಲ್ಲಿ ಪೆಟ್ಟುಗಳನ್ನು ಅರ್ಧಕ್ಕಿಳಿಸಿತು. ಆದ್ದರಿಂದ ಮಂತ್ರವನ್ನು ಮಾತ್ರ ನೋಡಿ ಒಳ್ಳೆಯದು, ಕೆಟ್ಟದ್ದು ಎನ್ನಲಾಗದು. ಅದು ಯಾವ ಕತ್ತಿಯ ಮೇಲೆ ಕೂತಿದೆ, ಎದುರಿಗೆ ಯಾರಿದ್ದಾರೆ ಎಂಬುದನ್ನೂ ನೋಡಬೇಕು.

ಸಣ್ಣ ಅಂಶಗಳನ್ನು ಬಿಟ್ಟರೆ ಏನಾಗುತ್ತದೆ ಎಂಬುದಕ್ಕೆ ಜಾಂಬಿ ಒಳ್ಳೆಯ ಉದಾಹರಣೆ. ಅದಕ್ಕೂ ಜೀವಾಂಕ 20. ಶಾರ್ಪ್‌ನೆಸ್ 5ನೆಯ ಮಟ್ಟದ ವಜ್ರದ ಕತ್ತಿಯ ಹಾನಿ 10. ಎರಡು ಪೆಟ್ಟು ಸಾಕಲ್ಲವೆ? ಸಾಲದು! ಜಾಂಬಿಗೆ ಮೈಮೇಲೆ ಏನೂ ತೊಡದಿದ್ದರೂ 2 ಅಂಕದ ಸಹಜ ರಕ್ಷಣೆ ಇದೆ. ಆಟದ ಸೂತ್ರದ ಪ್ರಕಾರ ಈ ಪ್ರಮಾಣದ ಪೆಟ್ಟನ್ನು ಅದು ಶೇಕಡ 1.6ರಷ್ಟು ತಗ್ಗಿಸುತ್ತದೆ. 10ರ ಬದಲು 9.84 ತಾಗುತ್ತದೆ, ಎರಡು ಪೆಟ್ಟಿಗೆ 19.68. ಉಳಿದ 0.32 ಅಂಕಕ್ಕಾಗಿ ಮೂರನೆಯ ಪೆಟ್ಟು ಹೊಡೆಯಬೇಕು. ಶೇಕಡ 1.6 ಎಂದರೆ ಅಲಕ್ಷಿಸಬಹುದಾದ ಸಂಖ್ಯೆ ಎಂದು ನಾವು ಹೇಳುತ್ತೇವೆ. ಅಂಚಿನಲ್ಲಿ ನಿಂತಾಗ ಅಲಕ್ಷಿಸಬಹುದಾದದ್ದು ಯಾವುದೂ ಇಲ್ಲ.

ಸರಾಸರಿಯನ್ನು ನಂಬಬಹುದೆ?

‘ಪ್ರತಿ ಸೆಕೆಂಡಿಗೆ ಎಷ್ಟು ಹಾನಿ’ ಎಂಬುದು ಆಯುಧಗಳನ್ನು ಹೋಲಿಸಲು ಆಡುವವರು ಬಳಸುವ ಇನ್ನೊಂದು ಅಳತೆ. 2016ರ ಫೆಬ್ರವರಿ 29ರಂದು ಬಂದ 1.9 ಆವೃತ್ತಿ ಪ್ರತಿ ಆಯುಧಕ್ಕೂ ಒಂದು ವೇಗವನ್ನು ನಿಗದಿ ಮಾಡಿತು. ಕತ್ತಿಯನ್ನು ಸೆಕೆಂಡಿಗೆ 1.6 ಸಲ, ವಜ್ರದ ಕೊಡಲಿಯನ್ನು ಸೆಕೆಂಡಿಗೆ 1 ಸಲ ಪೂರ್ಣ ಬಲದಿಂದ ಬೀಸಬಹುದು. ಆತುರಪಟ್ಟು ಅರ್ಧ ಕಾಲಕ್ಕೇ ಬೀಸಿದರೆ ಅರ್ಧ ಹಾನಿ ಸಿಗುವುದಿಲ್ಲ, ಸುಮಾರು ಶೇಕಡ 40 ಮಾತ್ರ ಸಿಗುತ್ತದೆ.

ವಜ್ರದ ಕತ್ತಿ: 7 ಗುಣಿಸು 1.6, ಸೆಕೆಂಡಿಗೆ 11.2. ವಜ್ರದ ಕೊಡಲಿಯ ಹಾನಿ 9, ಶಾರ್ಪ್‌ನೆಸ್ 1ನೆಯ ಮಟ್ಟ ಸೇರಿ 10, ಸೆಕೆಂಡಿಗೆ 10. ಈ ಅಳತೆಯಲ್ಲಿ ಬರಿಯ ಕತ್ತಿಯೇ ಮೇಲು. ಆದರೆ ಕ್ರೀಪರ್ ಎದುರಿಗೆ ಬಂದಾಗ ನೋಡಿ. ಕತ್ತಿಗೆ ಮೂರು ಪೆಟ್ಟು ಬೇಕು. ಮೊದಲ ಪೆಟ್ಟಿನಿಂದ ಮೂರನೆಯದಕ್ಕೆ ಎರಡು ಅಂತರಗಳು, ಒಂದೊಂದೂ 0.625 ಸೆಕೆಂಡು, ಒಟ್ಟು 1.25 ಸೆಕೆಂಡು. ಕೊಡಲಿಗೆ ಎರಡೇ ಪೆಟ್ಟು, ಒಂದೇ ಅಂತರ, 1 ಸೆಕೆಂಡು. ‘ನಿಧಾನ’ದ ಕೊಡಲಿಯೇ ಮೊದಲು ಕೆಲಸ ಮುಗಿಸಿತು! ಸರಾಸರಿ ದರವು ದೀರ್ಘಕಾಲದ ಕೆಲಸಕ್ಕೆ ಸರಿಯಾದ ಅಳತೆ. ಎರಡು ಮೂರು ಪೆಟ್ಟಿನಲ್ಲಿ ಮುಗಿಯುವ ಕೆಲಸಕ್ಕೆ ಅದು ದಾರಿ ತಪ್ಪಿಸುತ್ತದೆ. ಹಾಗೆಂದು ಕೊಡಲಿಯೇ ಶ್ರೇಷ್ಠವೆಂದು ತೀರ್ಮಾನಿಸಬೇಡಿ. ಕತ್ತಿಯ ಬೀಸು ಪಕ್ಕದ ಎದುರಾಳಿಗಳಿಗೂ ತಾಗುತ್ತದೆ. ಕೊಡಲಿಯನ್ನು ಆಯುಧವಾಗಿ ಬಳಸಿದರೆ ಅದು ಎರಡು ಪಟ್ಟು ಬೇಗ ಸವೆಯುತ್ತದೆ.

ಇನ್ನೂ ಸ್ವಾರಸ್ಯದ ಸಂಗತಿ ಇದೆ. ಜಿಗಿದು ಕೆಳಗೆ ಬೀಳುತ್ತಿರುವಾಗ ಹೊಡೆದ ಪೆಟ್ಟಿಗೆ ಆಯುಧದ ಮೂಲ ಹಾನಿಯ ಒಂದೂವರೆ ಪಟ್ಟು ಸಿಗುತ್ತದೆ. ಮಂತ್ರವೇ ಇಲ್ಲದ ವಜ್ರದ ಕತ್ತಿಗೆ ಅದು 10.5. ಕ್ರೀಪರ್‌ಗೆ ಎರಡೇ ಪೆಟ್ಟು. ಜಾಂಬಿಯ ರಕ್ಷಣೆಯನ್ನು ಕಳೆದರೂ 10.33 ಉಳಿಯುತ್ತದೆ, ಎಂದರೆ ಅದಕ್ಕೂ ಎರಡೇ ಪೆಟ್ಟು. 5ನೆಯ ಮಟ್ಟದ ಮಂತ್ರದಿಂದಲೂ ಆಗದ ಕೆಲಸವನ್ನು ಸರಿಯಾದ ಕ್ಷಣದಲ್ಲಿ ಹಾಕಿದ ಒಂದು ಜಿಗಿತ ಮಾಡಿತು. ಅದಕ್ಕೆ ಖರ್ಚಿಲ್ಲ, ಅಭ್ಯಾಸ ಮಾತ್ರ ಬೇಕು.

ಬೆಲೆ ಏರುವ ಬಗೆ

ಮಂತ್ರಕ್ಕೆ ಬೆಲೆ ಉಂಟು. ಒಂದೇ ಮಟ್ಟದ ಎರಡು ಮಂತ್ರಪುಸ್ತಕಗಳನ್ನು ಆನ್ವಿಲ್ ಮೇಲೆ, ಅಂದರೆ ಕಮ್ಮಾರರು ಕಬ್ಬಿಣ ಬಡಿಯುವ ಅಡೆಗಲ್ಲಿನ ಮೇಲೆ ಸೇರಿಸಿದರೆ ಮುಂದಿನ ಮಟ್ಟದ ಒಂದು ಪುಸ್ತಕ ಸಿಗುತ್ತದೆ. ಮೊದಲ ಮಟ್ಟದಿಂದಲೇ ಹೊರಟರೆ 2ನೆಯದಕ್ಕೆ 2, 3ನೆಯದಕ್ಕೆ 4, 4ನೆಯದಕ್ಕೆ 8, 5ನೆಯದಕ್ಕೆ 16 ಪುಸ್ತಕಗಳು ಬೇಕು. ಅದೃಷ್ಟವಿದ್ದರೆ ಮಂತ್ರದ ಮೇಜಿನಲ್ಲಿ ನೇರವಾಗಿ ಮೇಲಿನ ಮಟ್ಟವೇ ದೊರೆಯಬಹುದು. ಆದರೂ ನಿಯಮದ ಸ್ವರೂಪ ಸ್ಪಷ್ಟ. ಬೆಲೆ ಗುಣೋತ್ತರ ಶ್ರೇಢಿಯಲ್ಲಿ ಏರುತ್ತದೆ. ಹಾನಿ ಸಮಾಂತರ ಶ್ರೇಢಿಯಲ್ಲಿ, ಅರ್ಧರ್ಧ ಅಂಕವಾಗಿ ಏರುತ್ತದೆ. ನಿಜವಾದ ಪ್ರಯೋಜನವೋ, ಆಗೊಮ್ಮೆ ಈಗೊಮ್ಮೆ ಮೆಟ್ಟಿಲಿನಂತೆ ಇಳಿಯುತ್ತದೆ. ಈ ಮೂರನ್ನೂ ಒಂದೇ ನಕ್ಷೆಯಲ್ಲಿ ಬರೆದು ನೋಡಿದವರಿಗೆ ‘ದೊಡ್ಡ ಸಂಖ್ಯೆಯನ್ನು ಆರಿಸು’ ಎಂಬ ಸಲಹೆ ಎಷ್ಟು ಟೊಳ್ಳು ಎಂಬುದು ತಾನಾಗಿಯೇ ತಿಳಿಯುತ್ತದೆ.

ಒಂದು ಆಕ್ಷೇಪಣೆ

ಈ ವಾದಕ್ಕೆ ತಕ್ಕ ಆಕ್ಷೇಪಣೆಯೂ ಇದೆ. ನಾವು ಲೆಕ್ಕ ಹಾಕಿದ್ದು ಗಾಯವಿಲ್ಲದ ಒಂಟಿ ಎದುರಾಳಿಗೆ. ನಿಜವಾದ ಆಟದಲ್ಲಿ ಕ್ರೀಪರ್‌ಗೆ ಮೊದಲೇ ಬಾಣವೊಂದು ತಾಗಿರಬಹುದು, ಅದು ಎತ್ತರದಿಂದ ಬಿದ್ದಿರಬಹುದು. ಅದರ ಜೀವಾಂಕ 18ಕ್ಕೆ ಇಳಿದಿದ್ದರೆ 3ನೆಯ ಮಟ್ಟದ ಹಾನಿಯೇ ಎರಡು ಪೆಟ್ಟಿಗೆ ಸಾಕು. 19 ಆಗಿದ್ದರೆ 4ನೆಯ ಮಟ್ಟ ಬೇಕು. ಆರಂಭದ ಸ್ಥಿತಿ ಹೀಗೆ ಚದುರಿಹೋದಾಗ ಮೆಟ್ಟಿಲಿನ ಅಂಚುಗಳೂ ಮಸುಕಾಗುತ್ತವೆ. ಪ್ರತಿ ಅರ್ಧ ಅಂಕಕ್ಕೂ ಸ್ವಲ್ಪ ಬೆಲೆ ಬರುತ್ತದೆ. 300 ಜೀವಾಂಕದ ವಿದರ್ ಎಂಬ ಮಹಾಶತ್ರುವಿನ ಎದುರಂತೂ ಮೆಟ್ಟಿಲುಗಳ ಮಾತೇ ಬರುವುದಿಲ್ಲ. ಅದೂ ಸತ್ತು ನಡೆದಾಡುವ ಗುಂಪಿಗೇ ಸೇರಿದ್ದು. ಅಲ್ಲಿ ಶಾರ್ಪ್‌ನೆಸ್ 5ರ ಬದಲು ಸ್ಮೈಟ್ 5 ಇದ್ದರೆ ಪೆಟ್ಟುಗಳು ಸುಮಾರು ಅರ್ಧಕ್ಕಿಳಿಯುತ್ತವೆ.

ಈ ಆಕ್ಷೇಪಣೆ ನಮ್ಮ ವಾದವನ್ನು ಕೆಡವುವುದಿಲ್ಲ, ಅದರ ಮಿತಿಯನ್ನು ತೋರಿಸುತ್ತದೆ. ಯಾವ ಸ್ಥಿತಿಯಲ್ಲಿ ಯಾವ ಮಾದರಿ ಅನ್ವಯಿಸುತ್ತದೆ ಎಂದು ಹೇಳದೆ ಕೊಟ್ಟ ಉತ್ತರ ವಿಜ್ಞಾನದ ಉತ್ತರವಾಗಲಾರದು.

ಆಟದ ಗುಣ, ಆಟದ ದೋಷ

ಮೈನ್‌ಕ್ರಾಫ್ಟ್‌ನ ದೊಡ್ಡ ಗುಣ ಅದರ ನಿಯಮಬದ್ಧತೆ. ಒಂದೇ ಸ್ಥಿತಿಯಲ್ಲಿ ಹೊಡೆದ ಪೆಟ್ಟು ಪ್ರತಿ ಸಲವೂ ಒಂದೇ ಹಾನಿ ಮಾಡುತ್ತದೆ. ಪ್ರಯೋಗವನ್ನು ಎಷ್ಟು ಸಲ ಬೇಕಾದರೂ ಮರುಮಾಡಬಹುದು, ಒಂದು ಅಂಶವನ್ನು ಬದಲಿಸಿ ಉಳಿದವನ್ನು ಹಾಗೇ ಇಡಬಹುದು. ನಮ್ಮ ಎಷ್ಟೋ ಪ್ರಯೋಗಶಾಲೆಗಳಲ್ಲಿ ಸಿಗದ ಅನುಕೂಲ ಇದು.

ದೋಷವೂ ದೊಡ್ಡದೇ. ಆಟ ಮಂತ್ರದ ಮಟ್ಟವನ್ನು ರೋಮನ್ ಅಂಕಿಯಲ್ಲಿ ಎದ್ದು ಕಾಣುವಂತೆ ಬರೆಯುತ್ತದೆ. ಸಾಮಾನ್ಯ ಎದುರಾಳಿಯ ಜೀವಾಂಕವನ್ನು ಮಾತ್ರ ತೆರೆಯ ಮೇಲೆ ತೋರಿಸುವುದೇ ಇಲ್ಲ. ಭಾಜಕವನ್ನು ತೋರಿಸಿ ಭಾಜ್ಯವನ್ನು ಮುಚ್ಚಿಟ್ಟಂತಾಯಿತು. ಆಗ ಮಕ್ಕಳು ಕಾಣುವ ಸಂಖ್ಯೆಯ ಹಿಂದೆ ಓಡುವುದು ಸಹಜ. ಜೊತೆಗೆ, ಹೆಸರನ್ನು ಹಾಗೇ ಇಟ್ಟು ನಿಯಮವನ್ನು ಬದಲಿಸಿದ್ದೂ ಉಂಟು. 1.9ಕ್ಕೆ ಮೊದಲು ಶಾರ್ಪ್‌ನೆಸ್ ಪ್ರತಿ ಮಟ್ಟಕ್ಕೂ 1.25 ಅಂಕ ಸೇರಿಸುತ್ತಿತ್ತು. 5ನೆಯ ಮಟ್ಟದ ಲಾಭ ಆಗ 6.25, ಈಗ 3. ಮೊಬೈಲ್ ಮುಂತಾದವುಗಳಲ್ಲಿ ಆಡುವ ಬೆಡ್‌ರಾಕ್ ಆವೃತ್ತಿಯಲ್ಲಿ ಈಗಲೂ ಮಟ್ಟಕ್ಕೆ 1.25. ಅಲ್ಲಿ ವಜ್ರದ ಕತ್ತಿಯ ಹಾನಿ 8. 2ನೆಯ ಮಟ್ಟಕ್ಕೇ 10.5 ಆಗಿ ಕ್ರೀಪರ್ ಎರಡು ಪೆಟ್ಟಿಗೆ ಬೀಳುತ್ತದೆ. ಹೀಗಿರುವಾಗ ಆವೃತ್ತಿಯನ್ನು ಹೇಳದೆ ‘5ನೆಯ ಮಟ್ಟವೇ ಬೇಕು’ ಎನ್ನುವ ಸಲಹೆ, ತಾಪ ಮತ್ತು ಒತ್ತಡಗಳನ್ನು ಹೇಳದೆ ಅನಿಲದ ಗಾತ್ರ ಹೇಳಿದಂತೆ.

ಶಿಕ್ಷಕರಿಗೆ ಒಂದು ಮಾತು

ಕತ್ತಿ, ಕೊಡಲಿಗಳ ಆಟವನ್ನು ತರಗತಿಯಲ್ಲಿ ಏಕೆ ಮಾತಾಡಬೇಕು ಎಂದು ನೀವು ಕೇಳಬಹುದು. ನಿಮ್ಮ ವಿದ್ಯಾರ್ಥಿಗಳಲ್ಲಿ ಕೆಲವರು ಇದನ್ನು ಈಗಾಗಲೇ ಗಂಟೆಗಟ್ಟಲೆ ಆಡುತ್ತಿರಬಹುದು. ಅಲ್ಲಿ ಅವರು ಎರಡರಲ್ಲಿ ಒಂದನ್ನು ಕಲಿಯುತ್ತಾರೆ. ದೊಡ್ಡ ಸಂಖ್ಯೆ ಎಂದರೆ ಒಳ್ಳೆಯದು ಎಂಬುದನ್ನು ಕಲಿಯಬಹುದು. ಇಲ್ಲವೇ, ಒಂದು ಸಂಖ್ಯೆಯನ್ನು ಕಂಡೊಡನೆ ‘ಯಾವುದಕ್ಕೆ ಹೋಲಿಸಿ? ಯಾವ ಸ್ಥಿತಿಯಲ್ಲಿ? ಎಷ್ಟು ಬೆಲೆಗೆ?’ ಎಂದು ಕೇಳುವುದನ್ನು ಕಲಿಯಬಹುದು. ಮೊದಲನೆಯದನ್ನು ಕಲಿತವರು ನಾಳೆ ಕ್ಯಾಮೆರಾದ ಮೆಗಾಪಿಕ್ಸೆಲ್ ನೋಡಿ ಫೋನ್ ಕೊಳ್ಳುತ್ತಾರೆ, ಮಣ್ಣಿನ ಪರೀಕ್ಷೆ ಮಾಡಿಸದೆ ಗೊಬ್ಬರದ ಪ್ರಮಾಣ ಏರಿಸುತ್ತಾರೆ. ಎರಡನೆಯದನ್ನು ಆಟ ತಾನಾಗಿ ಕಲಿಸುವುದಿಲ್ಲ. ಅದಕ್ಕೆ ಶಿಕ್ಷಕರೇ ಬೇಕು.

ಕಂಪ್ಯೂಟರ್ ಇಲ್ಲದಿದ್ದರೂ ಚಿಂತೆಯಿಲ್ಲ. ನಕ್ಷೆಯ ಹಾಳೆ, ಪೆನ್ಸಿಲ್ ಸಾಕು. ಮೇಲಿನ ಕೋಷ್ಟಕವನ್ನು ಮೆಟ್ಟಿಲಿನ ನಕ್ಷೆಯಾಗಿ ಬರೆಸಿ. ಕಂಪ್ಯೂಟರ್ ಇದ್ದರೆ, ಬೇಕಾದ ವಸ್ತುಗಳೆಲ್ಲ ಖರ್ಚಿಲ್ಲದೆ ಸಿಗುವ ‘ಕ್ರಿಯೇಟಿವ್’ ಬಗೆಯಲ್ಲಿ ಪೆಟ್ಟುಗಳನ್ನು ಎಣಿಸಿ, ಲೆಕ್ಕದೊಂದಿಗೆ ತಾಳೆ ನೋಡಲು ಹೇಳಿ. ತಾಳೆಯಾಗದಿದ್ದರೆ ಇನ್ನೂ ಒಳ್ಳೆಯದು. ಯಾವ ಅಂಶ ಬಿಟ್ಟುಹೋಯಿತು ಎಂದು ಅವರೇ ಹುಡುಕಲಿ.

ಕೊನೆಯದಾಗಿ, ವಿದ್ಯಾರ್ಥಿಗಳಿಗೆ ಒಂದು ಲೆಕ್ಕ. ಕಬ್ಬಿಣದ ಕತ್ತಿಯ ಹಾನಿ 6. ನಿಮ್ಮ ಬಳಿ ಶಾರ್ಪ್‌ನೆಸ್ 1ನೆಯ ಮಟ್ಟದ ಹದಿನಾರು ಪುಸ್ತಕಗಳಿವೆ. ಎದುರಿಗೆ ಬರುವುದು ಕ್ರೀಪರ್‌ಗಳು ಮಾತ್ರ, ಅವೂ ಗಾಯವಿಲ್ಲದವು. ನೀವು ಎಷ್ಟು ಪುಸ್ತಕಗಳನ್ನು ಬಳಸುತ್ತೀರಿ, ಎಷ್ಟನ್ನು ಉಳಿಸುತ್ತೀರಿ? ಉತ್ತರದ ಜೊತೆಗೆ ಕಾರಣವನ್ನೂ ಬರೆಯಿರಿ.